ಗೂಡಿನ ಬಾಯಿಗೆ ತುರುಕಿದ ಬಟ್ಟೆ

ನನ್ನ ತಂಗಿಯನ್ನು ಅವಳ ಕಾಲೇಜಿನವರು ‘ಗೂಡಮ್ಮ’ ಎನ್ನುತ್ತಾರೆ. ಪದವಿಯ ಕೊನೆಯ ವರ್ಷದಲ್ಲಿ ಎಲ್ಲರೂ ಒಂದೊಂದು ಸಂಶೋಧನೆ ಮಾಡಬೇಕಿತ್ತು. ಉಳಿದವರು ಫ್ಯಾನಿನ ಕೆಳಗೆ ಕೂತು ಮುಗಿಸುವಂಥದ್ದನ್ನು ಹುಡುಕಿಕೊಂಡರು. ಇವಳು ಮಾತ್ರ ಕಾಲೇಜಿನ ಹಿಂದಿನ ತೋಪಿನಲ್ಲಿ ಹಾಡುಹಕ್ಕಿಗಳ ಬೆನ್ನು ಹತ್ತಿದಳು. ಹೆಚ್ಚು ಹಾಡುವ ಗಂಡು ತನ್ನ ಮರಿಗಳಿಗೆ ಕಡಿಮೆ ತಿನ್ನಿಸುತ್ತದೆಯೇ ಎಂಬುದು ಅವಳ ಪ್ರಶ್ನೆ. ಅದಕ್ಕೆ ಕಾಲೇಜು ಯಾಕೆ, ನಮ್ಮ ಬೀದಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ ಎಂದು ಅಪ್ಪ ನಕ್ಕಿದ್ದ.

ನಕ್ಕರೂ, ಹಕ್ಕಿಗಳು ಗೂಡು ಕಟ್ಟಲೆಂದು ತೋಪಿನ ಮರಗಳಿಗೆ ಕಟ್ಟುವ ಗೂಡುಪೆಟ್ಟಿಗೆಗಳನ್ನು ಮಾಡಿಕೊಟ್ಟವನು ಅವನೇ. ಅಪ್ಪ ಬಡಗಿ. ಅಮ್ಮ ಇಲ್ಲದ ಮನೆಯಲ್ಲಿ ನಮ್ಮಿಬ್ಬರನ್ನೂ ಆ ಗರಗಸದಿಂದಲೇ ಸಾಕಿದ್ದ. ಜೀವಮಾನವೆಲ್ಲ ಮರದ ಪುಡಿ ಕುಡಿದು ಎದೆ ಹಾಳಾಗಿತ್ತು. ಒಂದು ಹಲಗೆ ಕೊಯ್ಯುವಷ್ಟರಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಆದರೂ ಬೇರೆಯವರ ಕೈಗೆ ಕೆಲಸ ಕೊಡಲಿಲ್ಲ. ತೂತು ಹಕ್ಕಿಗೆ ಸರಿಹೋಗಬೇಕು, ಬೆಕ್ಕಿನ ಪಂಜ ಒಳಗೆ ಹೋಗಬಾರದು ಎಂದು ಅಳೆದೂ ಸುರಿದೂ ಕೊರೆದ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ಚಿಕ್ಕಪ್ಪ ಚುಚ್ಚಿದಾಗ ಅಪ್ಪ ಕೇಳಿಯೂ ಕೇಳದವನಂತೆ ಅಂಚು ಉಜ್ಜುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಗೂಡಿನಲ್ಲಿರುವಾಗಲೇ ಮರಿಗಳ ಕಾಲಿಗೆ ಗುರುತಿನ ಬಣ್ಣದ ಬಳೆ ತೊಡಿಸಬೇಕು. ತಡವಾದರೆ ಕಷ್ಟ. ಸ್ವಲ್ಪ ದೊಡ್ಡವಾದ ಮರಿಗಳು ಮನುಷ್ಯರ ಕೈ ತಾಗಿದರೆ ಹೆದರಿ, ರೆಕ್ಕೆ ಬಲಿಯುವ ಮೊದಲೇ ಹೊರಗೆ ಹಾರಿ ಬಿದ್ದು ಸಾಯುತ್ತವೆ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಗಡಿಬಿಡಿಯಲ್ಲಿ ಒಂದು ಪೆಟ್ಟಿಗೆಗೆ ತಡವಾಗಿಯೇ ಹೋಯಿತು. ಹಾಗಾದಾಗ ಈ ಕೆಲಸ ಮಾಡುವವರದೊಂದು ಕ್ರಮವಿದೆ. ಬಳೆ ತೊಡಿಸಿ, ಮರಿಗಳನ್ನು ಒಳಗಿಟ್ಟು, ತೂತಿಗೆ ಬಟ್ಟೆ ತುರುಕಿ ಮರದ ಕೆಳಗೆ ಕಾಯಬೇಕು. ಮರಿಗಳು ಸುಮ್ಮನಾದ ಮೇಲೆ ಬಟ್ಟೆ ತೆಗೆಯಬೇಕು. ತಂಗಿ ಅಪ್ಪನ ಹಳೇ ಅಂಗಿಯ ತುಂಡೊಂದನ್ನು ತುರುಕಿ ಕಾಯುತ್ತಿದ್ದಳು. ಅಷ್ಟರಲ್ಲಿ ನನ್ನ ಫೋನ್ ಹೋಯಿತು: ಅಪ್ಪನಿಗೆ ಜಾಸ್ತಿಯಾಗಿದೆ, ಬೇಗ ಬಾ. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು.

ಮರುದಿನ ಬಿಸಿಲು ಏರಿತ್ತು. ಅಪ್ಪ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ, ಉಸಿರು ಕಟ್ಟುತ್ತಿದೆ, ಕಿಟಕಿ ತೆಗಿ ಎಂದ. ಚಿಲಕ ಎಳೆಯಲು ಹೋದ ತಂಗಿಯ ಕೈ ಅಲ್ಲೇ ನಿಂತುಹೋಯಿತು.

“ಅಕ್ಕಾ, ನಾನು ಬಟ್ಟೆ ತೆಗೀಲೇ ಇಲ್ಲ.”

ನನಗಿಂತ ಮೊದಲು ಅಪ್ಪನಿಗೆ ಅರ್ಥವಾಯಿತು. ಕಾಲೇಜಿಗೆ ರಜೆ. ತೋಪಿನ ಗೇಟಿನ ಬೀಗದ ಕೈ ಇವಳ ಚೀಲದಲ್ಲೇ ಇತ್ತು. ಅವಳ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನಾನೇ ಹೋಗೋಣವೆಂದರೆ, ಅಷ್ಟು ಮರಗಳಲ್ಲಿ ಯಾವುದೆಂದು ಹುಡುಕುವುದು? ಅವಳು ಮಂಚದ ಸರಳು ಹಿಡಿದುಕೊಂಡು ಅಳುತ್ತಿದ್ದಳು. ಇರಲೂ ಆಗದು, ಹೋಗಲೂ ಆಗದು.

ಅಪ್ಪ ಅವಳ ಬೆರಳು ಬಿಡಿಸಿದ. “ನೀನಿಲ್ಲಿ ಕೂತ್ರೆ ನನಗೇನು ಉಸಿರು ಬರುತ್ತಾ? ಹೋಗು ಮಗಳೇ. ಅವಾದ್ರೂ ಉಸಿರಾಡ್ಲಿ.”

ಅವಳು ತೋಪಿನಿಂದ ಫೋನ್ ಮಾಡಿದಾಗ ನಾನು ಅದನ್ನು ಅಪ್ಪನ ಕಿವಿಗೆ ಹಿಡಿದೆ. ಎಲ್ಲಾ ಚೆನ್ನಾಗಿವೆ, ತಾಯಿ ಬಂದು ತಿನ್ನಿಸ್ತಿದೆ ಎಂದಳು. ತೂತು ಸರಿಯಾಗಿತ್ತಲ್ಲ ಎಂದು ಅಪ್ಪ ಕೇಳಿದ. ಸರಿಯಾಗಿತ್ತು ಎಂದಳು. ಅವನ ಮುಖ ಸಡಿಲವಾಯಿತು. ಅವಳು ವಾಪಸು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ.

ನಿಜ ಏನೆಂದು ಅವಳು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ತಾಯಿ ಹಕ್ಕಿ ಹುಳ ಕಚ್ಚಿಕೊಂಡು ತೂತಿನ ಮುಂದೆ ರೆಕ್ಕೆ ಬಡಿಯುತ್ತಿತ್ತಂತೆ. ಕೊಂಬೆಯ ಮೇಲಿದ್ದ ಗಂಡಿನ ಬಾಯಲ್ಲೂ ಹುಳ; ಅದು ಹಾಡುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ, ಅವಳು ಕಣ್ಣಾರೆ ಕಂಡಳು. ಮುಚ್ಚಳ ತೆಗೆದರೆ ಮರಿಗಳೆಲ್ಲ ತೂತಿನ ಕಡೆಗೇ ಕತ್ತು ಚಾಚಿ ಸತ್ತಿದ್ದವು. ಕಾಲಲ್ಲಿ ಹೊಸ ಬಳೆಗಳಿದ್ದವು.

ತಂದೆ ಸಾಯುವಾಗ ಮಗಳು ಹಕ್ಕಿ ನೋಡಲು ಹೋಗಿದ್ದಳು ಎಂದು ಚಿಕ್ಕಪ್ಪ ಕಂಡಕಂಡವರಿಗೆಲ್ಲ ಹೇಳಿದ. ಅವನೊಡನೆ ನಾನು ಇವತ್ತಿಗೂ ಮಾತಾಡುವುದಿಲ್ಲ. ಮೇಷ್ಟ್ರು ಒಳ್ಳೆಯವರು, ಆ ಪೆಟ್ಟಿಗೆಯನ್ನು ಲೆಕ್ಕದಿಂದ ಬಿಟ್ಟುಬಿಡು ಎಂದರಂತೆ. ತಂಗಿ ಬಿಡಲಿಲ್ಲ. ತನ್ನ ತಪ್ಪಿನಿಂದ ಸತ್ತವೆಂದು ಬರೆದೇ ಕೊಟ್ಟಳು.

ಅವಳು ಈಗಲೂ ಆ ಕೆಲಸ ಬಿಟ್ಟಿಲ್ಲ. ಬಟ್ಟೆ ಅಪ್ಪನ ಅಂಗಿಯದೇ. ಅದಕ್ಕೊಂದು ಉದ್ದನೆಯ ದಾರ ಕಟ್ಟಿ, ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಬಿಗಿದುಕೊಂಡು ಮರದ ಕೆಳಗೆ ನಿಲ್ಲುತ್ತಾಳೆ. ಬಟ್ಟೆ ಕೀಳದೆ ಅಲ್ಲಿಂದ ಕದಲುವಂತಿಲ್ಲ. ಒಳ್ಳೆ ಉಪಾಯವೆಂದು ಮೇಷ್ಟ್ರು ಎಲ್ಲ ಹುಡುಗರಿಗೂ ಹಾಗೇ ಮಾಡಲು ಹೇಳಿದ್ದಾರೆ. ದಾರ ಕೈಯಲ್ಲಿರುವಾಗ ಫೋನ್ ಎತ್ತಬೇಡ ಎಂದು ನಾನೂ ಹೇಳಿದ್ದೇನೆ. ಕೇಳುವುದಿಲ್ಲ. ಮೊದಲನೇ ರಿಂಗಿಗೇ ಎತ್ತಿ, “ಅಕ್ಕಾ, ಯಾರಿಗೇನಾಯ್ತು?” ಎನ್ನುತ್ತಾಳೆ.