ಪೇಪರ್ ತಪ್ಪಾಗಿ ಓದುವ ಕಾಶೆಪ್ಪ
ಮಹಾರಾಷ್ಟ್ರದ ಗಡಿಯೂರು ಕಾಸಾರಶಿರಸಿಯ ಬಸ್ ಸ್ಟ್ಯಾಂಡಿನೆದುರು ಚಹಾ ಮಾರುವ ಕಾಶೆಪ್ಪ ದಿನಾ ಮರಾಠಿ ಪೇಪರ್ ಬಿಡಿಸಿ, ಅದರ ಮೂಲೆಯ ‘ಹೊಸ ಸಂಶೋಧನೆ’ಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಸಾರುತ್ತಾನೆ. ಸೋಮವಾರ ಚಹಾ ಅಮೃತ, ಗುರುವಾರ ವಿಷ. ಎರಡೂ ದಿನ ಅದನ್ನೇ ಮಾರುತ್ತಾನೆ. ಮೊನ್ನೆ “ಕೇಳ್ರೆಪಾ, ದಿನಾ ಹದಿನೆಂಟು ತಾಸು ಮಲಗಿದವರಿಗಿ ಬುದ್ಧಿ ಜಾಸ್ತಿ ಅಂತ!” ಎಂದ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನಾನು ಇಣುಕಿದೆ; ಪೇಪರಿನಲ್ಲಿದ್ದದ್ದು ಎಂಟು ತಾಸು. ನಿಲಂಗಾದ ಬಸ್ಸಿಗೆ ಕಾದವರು “ಮತ್ತ ನಿನ್ನ ಬುದ್ಧಿ ಎಷ್ಟು ತಾಸಿಂದು ಕಾಶೆಪ್ಪಾ?” ಎಂದು ಕಾಡಿದರೆ, “ನಾ ಮಲಗಿದ್ರ ನಿಮಗ ಚಹಾ ಯಾರ್ ಕೊಡ್ತಾರ್ರೀ?” ಎಂದ. ನಮ್ಮನ್ನು ಒಂದು ಮಾತೂ ಕೇಳದೆ ನಮ್ಮ ಬದುಕಿಗೆ ಶೇಕಡಾ ಹಾಕುವ ಪೇಪರುಗಳ ಮೇಲೆ ನನಗೆ ಮೊದಲೇ ಸಿಟ್ಟು. ಅವು ಬರೆದದ್ದನ್ನೂ ತಿರುಚುವ ಇವನನ್ನು ಸಹಿಸಲಾಗಲಿಲ್ಲ. ಪೇಪರ್ ಕಸಿದುಕೊಂಡು “ಮರಾಠಿ ಬರಲ್ದಿದ್ರ ಸುಮ್ನ ಕೂಡಬೇಕು, ಮಂದಿ ದಾರಿ ತಪ್ಪಿಸಬಾರದು” ಎಂದು ಗದರಿದೆ. ಅವನು ಒಲೆಯ ಹಿಂದೆ ಕುರ್ಚಿಯಲ್ಲಿ ಕೂತ ಹೆಂಡತಿ ರಂಭಾಬಾಯಿಯತ್ತ ನೋಡಿದ. ಲಕ್ವಾ ಹೊಡೆದ ಮೇಲೆ ಒಂದು ವರ್ಷದಿಂದ ಆಕೆಗೆ ಮಾತಿಲ್ಲ. “ಆಳಂದದಿಂದ ಬಂದ ನನಗ ಮರಾಠಿ ಓದ್ಲಕ ಕಲಿಸಿದಾಕಿ ಈಕಿನೇ ರೀ,” ಎಂದು ದನಿ ತಗ್ಗಿಸಿದ. “ಒಂದು ಅಕ್ಷರ ತಪ್ಪಿದ್ರ ಒಳಗಿಂದೇ ಬೈತಿದ್ಳು. ತಪ್ಪು ಕೇಳಿ ಸುಮ್ನ ಕೂಡಾಕಿನೇ ಅಲ್ಲ.” ನಾನು ಪೇಪರ್ ಮರಳಿ ಕೊಟ್ಟೆ. ಅವನು ಆ ಸುದ್ದಿಯನ್ನೇ ಇನ್ನಷ್ಟು ಗಟ್ಟಿಯಾಗಿ ಮತ್ತೆ ಓದಿದ. ಈ ಸಲ ಮಲಗಬೇಕಾದದ್ದು ದಿನಕ್ಕೆ ಇಪ್ಪತ್ತೆಂಟು ತಾಸು. ಓದಿ ಮುಗಿಸಿ, ಒಲೆಯ ಕಡೆಗೆ ಕಿವಿಗೊಟ್ಟು ನಿಂತ.