ಅಂಬಿನ ಕಡ್ಡಿಯೂ ಮರೋಬಾನ ಸಿಡುಕೂ

ಮರೋಬಾ ಅಂಬಿನ ಕಡ್ಡಿ ಕಡಿಯಲು ಹೊರಟನೆಂದರೆ ನಮ್ಮ ಬಿಡಾರದ ಗಂಡಸರಿಗೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು. ಜೊತೆಗೆ ಹೋದವರು ಕಡ್ಡಿಗಿಂತ ಬೈಗುಳವನ್ನೇ ಹೆಚ್ಚು ಹೊತ್ತುಕೊಂಡು ಬರುತ್ತಿದ್ದರು. ಯಾರಾದರೂ ಒಂದು ಕಡ್ಡಿ ಕಡಿದು ಅವನ ಕೈಗೆ ಕೊಟ್ಟರೆ, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ನೋಡಿ, ಮಾತಿಲ್ಲದೆ ಪೊದೆಯೊಳಕ್ಕೆ ಎಸೆದುಬಿಡುವನು. ಅದಕ್ಕೇನಾಗಿತ್ತು ಎಂದು ಕೇಳಿದರೆ, ನಿನ್ನ ಕಣ್ಣಿಗೇನಾಗಿದೆ ಎಂದು ನಾನು ಕೇಳಿದೆನೇ ಎನ್ನುವನು.

ಅವನು ನನ್ನ ದೊಡ್ಡಮ್ಮ ತಾಬುವಿನ ಅಳಿಯ. ಉಪ್ಪುಕೆರೆಯ ಆಚೆ ದಂಡೆಯವನು. ತಾಬುವಿನ ಮಗಳು ಸಿಕಿಟಿಕೊಳನ್ನು ಮೆಚ್ಚಿ, ಎಲ್ಲ ಗಂಡಂದಿರ ಹಾಗೆ ಅತ್ತೆಯ ಬಿಡಾರಕ್ಕೆ ಬಂದು ನೆಲೆಸಿದ್ದ. ತೆಳ್ಳನೆಯ ಮೈ, ಉದ್ದ ಕುತ್ತಿಗೆ, ಸದಾ ಗಂಟಿಕ್ಕಿದ ಹುಬ್ಬು. ಎಡಗೈಯ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಅವನ ಸೋದರಮಾವ ಅವಸರದಲ್ಲಿ ಒಂದು ಅಂಬು ಮಾಡಿಕೊಟ್ಟಿದ್ದನಂತೆ. ಮೇಲೆ ನೋಡಿದರೆ ಚೆಂದ, ಒಳಗೆ ಹುಳ ತಿಂದಿತ್ತು. ಹೆದೆ ಎಳೆದು ಬಿಟ್ಟ ಗಳಿಗೆಯಲ್ಲೇ ಕಡ್ಡಿ ಎರಡಾಗಿ, ಹಿಂದಿನ ಅರ್ಧ ಬಿಲ್ಲು ಹಿಡಿದ ಕೈಯ ಹೆಬ್ಬೆರಳಿನ ಸಂದಿಗೆ ನುಗ್ಗಿ ಆಚೆ ಬಂತು. ಮಳೆಗಾಲವೆಲ್ಲ ಕೈ ಕೀವು ಸುರಿಸಿತು. ಸಾಯುತ್ತಾನೆಂದೇ ಅವರ ಕಡೆಯವರು ತಿಳಿದಿದ್ದರು. ಬದುಕಿದ. ಆದರೆ ಅಂದಿನಿಂದ ಇನ್ನೊಬ್ಬರು ಆರಿಸಿದ ಕಡ್ಡಿಯನ್ನು ಬಿಲ್ಲಿಗೆ ಹೂಡಲಿಲ್ಲ.

ಅವನು ಕಡ್ಡಿ ಆರಿಸುವ ರೀತಿಯನ್ನು ಹೆಂಗಸರಾದ ನಾವೂ ಕಂಡಿದ್ದೆವು. ಏಕೆಂದರೆ ನಾವು ಹಳದಿ ಹಣ್ಣು ಬಿಡಿಸುವ ಪೊದೆಗಳಲ್ಲೇ ಅವನಿಗೆ ಬೇಕಾದ ಕಡ್ಡಿಯೂ ಸಿಗುತ್ತಿತ್ತು. ಹಳೆಯ ರೆಂಬೆ ಅವನಿಗೆ ಬೇಡ. ಬೆಂಕಿ ಬಿದ್ದೋ ಆನೆ ಮುರಿದೋ ಬೋಳಾದ ಬುಡದಿಂದ ನೆಟ್ಟಗೆ ಎದ್ದ ಎಳೆಯ ಕೋಲು ಬೇಕು. ಅದರಲ್ಲೂ ನೆರಳಿನಲ್ಲಿ ಬೆಳೆದದ್ದು ಬೇಡ, ಬೆಳಕಿಗಾಗಿ ಅವಸರಪಟ್ಟು ಬೆಳೆದದ್ದಕ್ಕೆ ಒಳಗೆ ಬೆಂಡು ಜಾಸ್ತಿ ಎನ್ನುತ್ತಿದ್ದ. ಪಕ್ಕದ ಚಿಗುರು ಒಡೆದಿದ್ದರೆ ಅಲ್ಲಿ ಗಂಟು. ಗಂಟು ಇದ್ದಲ್ಲಿ ಬಳುಕು ನಿಲ್ಲುತ್ತದೆ, ಬಳುಕು ನಿಂತಲ್ಲಿ ಮುರಿಯುತ್ತದೆ. ತೀರಾ ಸಣ್ಣದಾದರೆ ಬಿಲ್ಲಿನ ಬಲಕ್ಕೆ ಹಾವಿನ ಹಾಗೆ ನುಲಿದುಕೊಂಡು ಹಾರುತ್ತದೆ. ದಪ್ಪವಾದರೆ ಬಿಲ್ಲಿಗೆ ಒರಗಿ ಪಕ್ಕಕ್ಕೆ ಹೋಗುತ್ತದೆ. ಕಡಿದ ಮೇಲೆ ತೊಗಟೆಯ ಸಮೇತ ನೆರಳಿನಲ್ಲಿ ಒಣಗಿಸಿ, ಹಲ್ಲಿನಿಂದ ತೊಗಟೆ ಸುಲಿದು, ಕೆಂಡದ ಮೇಲೆ ಬಿಸಿ ಮಾಡಿ, ಡೊಂಕು ಇದ್ದಲ್ಲಿ ಹಲ್ಲು ಕಚ್ಚಿ ನೇರ ಮಾಡುವನು. ಬೆಳಿಗ್ಗೆ ನೇರವಾಗಿದ್ದದ್ದು ಸಂಜೆಗೆ ಮತ್ತೆ ಡೊಂಕಾದರೆ ಅದಕ್ಕೆ ಮನುಷ್ಯರಿಗೆ ಬೈದ ಹಾಗೆ ಬೈದು ಒಲೆಗೆ ಹಾಕುವನು. ಇಷ್ಟೆಲ್ಲ ದಾಟಿದ ಕಡ್ಡಿಗೆ ಮಾತ್ರ ಗರಿ ಕಟ್ಟುವನು.

ಹೀಗೆ ಮಾಡಿದ ಅಂಬು ಅವನ ಹತ್ತಿರ ಉಳಿದಿದ್ದರೆ ಬಹುಶಃ ಹುಬ್ಬಿನ ಗಂಟು ಸ್ವಲ್ಪ ಸಡಿಲವಾಗುತ್ತಿತ್ತು. ಉಳಿಯುತ್ತಿರಲಿಲ್ಲ. ನಮ್ಮಲ್ಲಿ ಕೇಳಿದವರಿಗೆ ಇಲ್ಲವೆನ್ನುವುದು ನಾಚಿಕೆಗೇಡು. ಇದ್ದೂ ಕೊಡದವನನ್ನು ಜನ ಬೆನ್ನ ಹಿಂದೆ ಅಲ್ಲ, ಎದುರಿಗೇ ಆಡಿಕೊಳ್ಳುತ್ತಾರೆ. ಕೇಳುವವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಸಿಕಿಟಿಕೊಳ ತಮ್ಮ ಅಥುಮಾನಿ.

ಅಥುಮಾನಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ದುಂಡು ಮುಖ, ಬಾಯಿ ತುಂಬ ನಗು. ಅವನಷ್ಟು ಹತ್ತಿರಕ್ಕೆ ಪ್ರಾಣಿಯ ಬಳಿ ಸರಿಯಬಲ್ಲವರು ಯಾರೂ ಇರಲಿಲ್ಲ. ಮಲಗಿದ ಇಂಪಾಲ ಜಿಂಕೆಯ ಹೊಟ್ಟೆ ಏರಿಳಿಯುವುದನ್ನು ಎಣಿಸಿಕೊಂಡು ಬರುತ್ತಾನೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆದರೆ ಮಧ್ಯಾಹ್ನವಾಯಿತೆಂದರೆ ಗಂಡಸರು ಕೂರುವ ಮರದಡಿ ಲುಕುಚುಕೋ ಆಡಲು ಕೂತುಬಿಡುವನು. ತೊಗಟೆಯ ಬಿಲ್ಲೆಗಳನ್ನು ಕಾಂಡಕ್ಕೆ ಬಡಿದು, ಯಾವ ಮುಖ ಮೇಲಾಯಿತೆಂದು ನೋಡಿ ಪಣ ಗೆಲ್ಲುವ ಆಟ. ಪಣ ಎಂದರೆ ಅಂಬು. ಅಥುಮಾನಿ ಸೋಲುತ್ತಿದ್ದದ್ದು ಮರೋಬಾನ ಅಂಬುಗಳನ್ನು. ಒಳ್ಳೆಯ ಕಡ್ಡಿಯೆಂದು ಎಲ್ಲ ಕಡೆ ಹೆಸರಾಗಿದ್ದರಿಂದ ಪಕ್ಕದ ಗುಡ್ಡದವರೂ ಆಟಕ್ಕೆ ಬರತೊಡಗಿದರು. ಕೆರೆಯಾಚೆ ಯಾರೋ ಅಪರಿಚಿತ ಹೀಗೆ ಗೆದ್ದ ಅಂಬಿನಿಂದ ಜೀಬ್ರಾ ಹೊಡೆದನೆಂಬ ಸುದ್ದಿ ಬಂದ ದಿನ ಮರೋಬಾ ಊಟ ಮಾಡಲಿಲ್ಲ.

ಆ ಬೇಸಿಗೆ ಬಿರುಸಾಗಿತ್ತು. ಹತ್ತಿರದ ಗೆಡ್ಡೆಗಳೆಲ್ಲ ಮುಗಿದು ನಾವು ದೂರ ಹೋಗಿ ಅಗೆಯಬೇಕಾಗುತ್ತಿತ್ತು. ಮಾಂಸ ಕಂಡು ಎಷ್ಟೋ ದಿನವಾಗಿತ್ತು. ಮರೋಬಾ ಹೊಸ ಕಂತೆಯೊಂದನ್ನು ಮಾಡಿ ಮುಗಿಸಿದ್ದ. ಅದನ್ನು ಅಥುಮಾನಿ ಬಂದು ಕೇಳಿ ಒಯ್ದ, ಬೇಟೆಗೆಂದು. ಬೇಟೆಗೆ ಹೋಗುವ ದಾರಿ ಮರದಡಿಯಿಂದಲೇ ಹಾಯುತ್ತದಲ್ಲ. ಬಿಸಿಲು ಇಳಿಯುವಷ್ಟರಲ್ಲಿ ಕಂತೆ ಬೇರೆಯವರ ಬೆನ್ನೇರಿತ್ತು. ಮರುದಿನ ಬೆಳಿಗ್ಗೆ ಅವನು ಮತ್ತೆ ಗುಡಿಸಿಲಿನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ನಾನು ಸಿಕಿಟಿಕೊಳ ಜೊತೆ ಅಗೆಯುವ ಕೋಲುಗಳನ್ನು ಮಸೆಯುತ್ತ ಅಲ್ಲೇ ಇದ್ದೆ.

"ಭಾವ, ಮೇಲಿನ ಗುಡ್ಡದಲ್ಲಿ ಕುಡು ಜಿಂಕೆ ಇದೆ. ಹೆಜ್ಜೆ ನೋಡ್ದೆ, ದೊಡ್ಡ ಗಂಡು. ಮೊನೆ ನನ್ನ ಹತ್ರ ಇವೆ. ಕಡ್ಡಿ ಕೊಡು."

"ನಿನ್ನೆ ಕೊಟ್ಟಿದ್ದೇನಾಯ್ತು?"

"ನಿನ್ನೇದು ನಿನ್ನೆಗಾಯ್ತು."

ಮರೋಬಾ ಕೈಯಲ್ಲಿದ್ದ ಚಾಕುವನ್ನು ನೆಲಕ್ಕೆ ಚುಚ್ಚಿದ. ಒಂದು ಕಡ್ಡಿಗೆ ತಾನು ಎಷ್ಟು ಪೊದೆ ಸುತ್ತುತ್ತೇನೆ, ಎಷ್ಟು ದಿನ ಕಾಯುತ್ತೇನೆ, ಕಚ್ಚಿ ಕಚ್ಚಿ ದವಡೆ ಹೇಗೆ ನೋಯುತ್ತದೆ ಎಂದೆಲ್ಲ ಶುರು ಮಾಡಿದ. ಅಥುಮಾನಿ ತಲೆಯಾಡಿಸುತ್ತ ಎಲ್ಲವನ್ನೂ ಒಪ್ಪಿಕೊಂಡ. ಭಾವನಷ್ಟು ಕಷ್ಟಪಡುವವರು ಲೋಕದಲ್ಲಿಲ್ಲ ಎಂದ. ಮಾತು ಮುಗಿದ ಮೇಲೆ ಮತ್ತೆ ಕೈ ಚಾಚಿದ.

ಮರೋಬಾ ಎದ್ದು ಗುಡಿಸಿಲಿನ ಹುಲ್ಲಿನ ಸಂದಿಯಿಂದ ಕೆಲವು ಅಂಬುಗಳನ್ನು ಎಳೆದು ಕೊಟ್ಟ. ಅವು ಅವನು ಒಲೆಗೆ ಹಾಕಲೆಂದು ಬದಿಗಿಟ್ಟವು ಎಂದು ನಮಗೆ ಆಗ ಗೊತ್ತಿರಲಿಲ್ಲ. ಒಂದಕ್ಕೆ ನಡುವೆ ಗಂಟು, ಒಂದು ಎಷ್ಟು ತಿದ್ದಿದರೂ ಡೊಂಕಿಗೆ ಮರಳುವಂಥದ್ದು. ಇನ್ನೊಂದಕ್ಕೆ ಗರಿ ಕಟ್ಟಿದ ಮೇಲೆ, ಗರಿಯ ಬುಡದಲ್ಲೇ, ಮುಳ್ಳು ಚುಚ್ಚಿದಷ್ಟು ಸಣ್ಣ ತೂತು ಕಂಡಿತ್ತು. ಹುಳದ ತೂತು. ಅಥುಮಾನಿ ಅವನ್ನು ತಿರುಗಿಸಿಯೂ ನೋಡದೆ, ಭಾವನ ಭುಜ ತಟ್ಟಿ ಹೊರಟುಹೋದ.

ಮರೋಬಾ ಸ್ವಲ್ಪ ಹೊತ್ತು ಸಮಾಧಾನವಾಗಿಯೇ ಇದ್ದ. ಸಿಳ್ಳೆ ಕೂಡ ಹಾಕಿದ, ಅದನ್ನು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ಹೊಸ ಕಡ್ಡಿ ಸುಲಿಯಲು ಕೂತ. ಒಂದು ತುದಿಯಿಂದ ಸುಲಿದ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಕೊನೆಗೆ ಕೆಂಡದ ಮೇಲಿಟ್ಟದ್ದನ್ನು ಮರೆತು ಸುಟ್ಟೇಬಿಟ್ಟ. ಅವನ ಕೈಯಲ್ಲಿ ಕಡ್ಡಿ ಸುಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಿಕಿಟಿಕೊ ಏನಾಯಿತೆಂದು ಕೇಳಿದಳು. "ನಿನ್ನ ತಮ್ಮ," ಎಂದಷ್ಟೇ ಹೇಳಿ, ಎದ್ದು, ಬಿಲ್ಲನ್ನೂ ತೆಗೆದುಕೊಳ್ಳದೆ ಗುಡ್ಡದ ಕಡೆ ನಡೆದ. ಸ್ವಲ್ಪ ದೂರ ಹೋದ ಮೇಲೆ ಓಡತೊಡಗಿದ.

ಮುಂದಿನದನ್ನು ಅಥುಮಾನಿಯ ಬಾಯಿಂದ ಬಿಡಾರವೆಲ್ಲ ಕೇಳಿದೆ. ಅವನು ಮುಳ್ಳುಮರದ ನೆರಳಿನಲ್ಲಿ ಮೆಲುಕು ಹಾಕುತ್ತಿದ್ದ ಕುಡುವಿನ ಬಳಿಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದಿದ್ದ. ಗಾಳಿ ಎದುರಿನಿಂದ ಬೀಸುತ್ತಿತ್ತು. ಎದ್ದು ಮೊಣಕಾಲೂರಿ, ಅಂಬು ಹೂಡಿ, ಹೆದೆಯನ್ನು ಕೆನ್ನೆಯವರೆಗೆ ಎಳೆದಿದ್ದ. ಆಗ ಕೆಳಗಿನಿಂದ ಕೂಗು ಕೇಳಿತು. ಬೇಟೆಯಲ್ಲಿ ಕೂಗುವವರಿಲ್ಲ. ಸಿಂಹ ಎದುರಾದರೂ ನಾವು ಪಿಸುಗುಡುತ್ತೇವೆ. ಮರೋಬಾ ಮಾತ್ರ ಗಂಟಲು ಹರಿಯುವ ಹಾಗೆ, ಅಂಬು ಬಿಡಬೇಡ, ಬಿಡಬೇಡ ಎಂದು ಕೂಗುತ್ತ ಕಲ್ಲು ಮುಳ್ಳು ನೋಡದೆ ಏರಿ ಬರುತ್ತಿದ್ದ. ಸುರುಳಿ ಕೊಂಬನ್ನು ಬೆನ್ನಿಗೆ ಒರಗಿಸಿಕೊಂಡು ಕುಡು ಒಂದೇ ನೆಗೆತಕ್ಕೆ ಗುಡ್ಡದಾಚೆ ಹೋಯಿತು.

ಅಥುಮಾನಿ ಹೆದೆಯನ್ನು ಮೆಲ್ಲಗೆ ಸಡಿಲಿಸಿದ. ಮರೋಬಾ ಬಂದವನೇ ಅಂಬನ್ನು ಕಿತ್ತುಕೊಂಡು ಗರಿಯ ಕೆಳಗೆ ಎರಡೂ ಕೈಯಿಂದ ಬಗ್ಗಿಸಿದ. ಅದು ಪಟ್ಟೆಂದು ಮುರಿಯಿತು. ಒಳಗಿನಿಂದ ಹಿಟ್ಟಿನಂಥ ಪುಡಿ ಉದುರಿತು.

"ಹುಳ ತಿಂದಿತ್ತು," ಎಂದ ಮರೋಬಾ.

"ಮೊದ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಕೊಟ್ಟೆ."

"ಹೂಂ. ಗೊತ್ತಿದ್ದೂ ಕೊಟ್ಟೆ."

ಅಥುಮಾನಿ ಆ ಪುಡಿಯನ್ನು ನೋಡಿದ, ಭಾವನ ಎಡಗೈ ನೋಡಿದ, ಆಮೇಲೆ ಕುಡು ಹೋದ ದಾರಿ ನೋಡಿದ. "ಅದರ ಕಣ್ರೆಪ್ಪೆ ಕೂದ್ಲು ಕಾಣ್ತಿತ್ತು ಭಾವ ನಂಗೆ," ಎಂದ. "ಅಷ್ಟು ಹತ್ರ ಇತ್ತು. ಇಷ್ಟೆಲ್ಲ ಸಿಟ್ಟಿದ್ರೆ ಬೆಳಿಗ್ಗೇನೆ ಎರಡು ಬಾರಿಸಬಾರದಿತ್ತಾ? ಕುಡು ಆದ್ರೂ ಉಳೀತಿತ್ತು."

ತನ್ನ ಕೈ ತೂತಾಗುವುದರಲ್ಲಿತ್ತು ಎನ್ನುವುದಕ್ಕಿಂತ ಕುಡುವಿನ ರೆಪ್ಪೆಯೇ ಇವನಿಗೆ ದೊಡ್ಡದಾಯಿತಲ್ಲ ಎಂದು ಮರೋಬಾನಿಗೆ ಇನ್ನಷ್ಟು ಉರಿಯಿತಂತೆ. ತಪ್ಪು ಒಪ್ಪಿಕೊಳ್ಳಲೂ ಬಿಡದ ಮನುಷ್ಯ ಎಂದು ಗೊಣಗುತ್ತ ಕೆಳಗಿಳಿದ.

ಅವರಿಬ್ಬರೂ ಬರಿಗೈಯಲ್ಲಿ ಬಂದಾಗ ನಾವು ನಾರುಗೆಡ್ಡೆ ಸುಡುತ್ತಿದ್ದೆವು. ಅಥುಮಾನಿ ನಡೆದದ್ದನ್ನೆಲ್ಲ ಕುಣಿದು ತೋರಿಸಿದ. ತಾನೇ ಕುಡು ಆದ, ತಾನೇ ಮರೋಬಾ ಆದ. ಭಾವ ಎಡವುತ್ತ ಕೂಗುತ್ತ ಬಂದ ರೀತಿಯನ್ನು ಮಾಡಿದಾಗ ಜನ ಬಿದ್ದು ಬಿದ್ದು ನಕ್ಕರು. ತಾಬು ದೊಡ್ಡಮ್ಮನಿಗೆ ಮಾತ್ರ ಮಾಂಸದ ಆಸೆ ಹೆಚ್ಚು. ಅಳಿಯನ ಜೊತೆ ನೇರ ಮಾತಾಡುವವಳಲ್ಲ, ಬೆಂಕಿಯನ್ನು ನೋಡಿಕೊಂಡು ಹೇಳಿದಳು: "ಕೆಲವರು ಪ್ರಾಣಿ ಹೊಡ್ಕೊಂಡು ಬರ್ತಾರೆ. ನಮ್ಮ ಪಾಲಿಗೆ ಓಡಿಸೋನು ಬಂದಿದ್ದಾನೆ."

ನಗದೆ ಇದ್ದವಳು ಸಿಕಿಟಿಕೊ. ಅವಳು ಗಂಡನಿಗೆ ಗೆಡ್ಡೆ ತೆಗೆದಿಡಲಿಲ್ಲ. "ಕೇಳ್ದಾಗ ಇಲ್ಲ ಅನ್ನೋಕೆ ಬಾಯಿರಲಿಲ್ವಾ ನಿಂಗೆ," ಎಂದು ಮೆಲ್ಲಗೆ ಕೇಳಿದಳು. "ಇಲ್ಲ ಅಂದಿದ್ರೆ ಜಿಪುಣ ಅಂತಿದ್ರು. ಅಷ್ಟೇ ತಾನೆ? ಅವನ ಕೈ ಹೋಗಿದ್ರೆ ನಾನು ಯಾರ ಮುಖ ನೋಡ್ಬೇಕಿತ್ತು?" ಕೆಲವು ದಿನ ಅವಳು ಗಂಡನೊಡನೆ ಮಾತು ಬಿಟ್ಟಳು. ಅವನೂ ಗುಡಿಸಿಲಿನ ಹೊರಗೇ ಮಲಗಿದ. ಅವನು ಹಾಸಿಕೊಳ್ಳುವ ಚರ್ಮ ಹೊರಗೆ ಕಂಡವರೆಲ್ಲ, ಕೆರೆಯಾಚೆಗೆ ಯಾವಾಗ ಪ್ರಯಾಣ ಎಂದು ವಿಚಾರಿಸಿ ಹೋಗುತ್ತಿದ್ದರು.

ಹೋಗುವ ಬದಲು ಅವನೊಂದು ಬೆಳಿಗ್ಗೆ ಅಥುಮಾನಿಯನ್ನು ಎಬ್ಬಿಸಿ, ಇನ್ನು ಮೇಲೆ ನಿನ್ನ ಕಡ್ಡಿ ನೀನೇ ಆರಿಸು, ನಾನು ನೋಡಿ ಹೇಳುತ್ತೇನೆ ಎಂದು ಹಳದಿ ಹಣ್ಣಿನ ಪೊದೆಗಳಿಗೆ ಕರೆದುಕೊಂಡು ಬಂದ. ನಾವು ಹೆಂಗಸರು ಹಣ್ಣು ಬಿಡಿಸುತ್ತಿದ್ದೆವು. ಆ ದಿನ ಹಣ್ಣಿಗಿಂತ ಮಾತೇ ಹೊಟ್ಟೆ ತುಂಬಿಸಿತು. ಅಥುಮಾನಿ ಕಡಿದ ಮೊದಲನೆಯ ಕಡ್ಡಿ ಬುಡದಲ್ಲೇ ಡೊಂಕು. ಎರಡನೆಯದರಲ್ಲಿ ಇರುವೆಗೂಡು. ಒಂದನ್ನಂತೂ ಬಣ್ಣ ಚೆನ್ನಾಗಿದೆ ಎಂದು ಕಡಿದುಕೊಂಡು ಬಂದ.

"ಇದನ್ನ ಯಾಕ್ ಕಡಿದೆ?"

"ಕೈಗೆ ಸಿಕ್ತು."

"ಕೈಗೆ ಹಾವು ಸಿಕ್ಕಿದ್ರೂ ಗರಿ ಕಟ್ತಿದ್ಯೇನೋ? ಬುಡ ನೋಡು. ತುದಿ ನೋಡು. ನಡುವೆ ಏನಿದೆ ನೋಡು."

"ಭಾವ, ನೀನು ಪ್ರಾಣಿ ಹತ್ರ ಹೋಗಿದ್ರೆ ಇಷ್ಟೆಲ್ಲ ನೋಡಬೇಕಾಗೇ ಇರಲಿಲ್ಲ. ದೂರದಿಂದ ಹೊಡೀತೀಯ, ಅದಕ್ಕೆ ಕಡ್ಡಿ ನೆಟ್ಟಗಿರಬೇಕು."

ಅದು ನಿಜ ಎಂದು ನಮಗೆಲ್ಲ ಗೊತ್ತಿತ್ತು. ಯಾರೂ ಅವನ ಮುಖಕ್ಕೆ ಹೇಳಿರಲಿಲ್ಲ. ಮರೋಬಾನ ನಡಿಗೆಯಲ್ಲಿ ಸದ್ದಿತ್ತು, ಪ್ರಾಣಿಗಳು ಅವನನ್ನು ಬಲು ದೂರದಿಂದ ಕಂಡುಕೊಳ್ಳುತ್ತಿದ್ದವು. ಅವನು ಹುಬ್ಬು ಇನ್ನಷ್ಟು ಗಂಟಿಕ್ಕಿ, ಬಣ್ಣದ ಕಡ್ಡಿಯನ್ನು ಮುರಿದು ಎಸೆದ. ಬಿಸಿಲು ನೆತ್ತಿಗೇರಿದಾಗ ಅಥುಮಾನಿ, ಬೇಸತ್ತು, ಸುಟ್ಟ ಬುಡವೊಂದರಿಂದ ಎದ್ದ ಕೋಲನ್ನು ಕಡಿದು ಮುಂದೆ ಹಿಡಿದ. ಮರೋಬಾ ಅದನ್ನು ಕಣ್ಣಿಗೆತ್ತಿದ. ತಿರುಗಿಸಿದ. ಉಗುರಿನಿಂದ ಕೆರೆದ. ಬಗ್ಗಿಸಿ ಬಿಟ್ಟ. ಮತ್ತೆ ಕಣ್ಣಿಗೆತ್ತಿದ. ಪೊದೆಯೊಳಕ್ಕೆ ಎಸೆಯುತ್ತಾನೆಂದು ನಾವು ಕಾದೆವು. ಅವನು ಅದನ್ನು ತನ್ನ ಬಗಲಲ್ಲಿ ಇರುಕಿಕೊಂಡು, "ಹೂಂ, ಇನ್ನೊಂದು ನೋಡು," ಎಂದ. ಆ ಸಂಜೆ ಸಿಕಿಟಿಕೊ ಅವನು ಹಾಸಿಕೊಳ್ಳುವ ಚರ್ಮವನ್ನು ಗುಡಿಸಿಲಿನ ಒಳಗೆಳೆದು ಹಾಕಿದಳು.

ಆ ಕಡ್ಡಿ ಒಣಗಿ ಅಂಬಾಯಿತು. ಅದರಲ್ಲಿ ಅಥುಮಾನಿ ಇಂಪಾಲ ಹೊಡೆದ. ತಾಬು ದೊಡ್ಡಮ್ಮ ಬಾಯಿ ಒರೆಸಿಕೊಳ್ಳುತ್ತ, ಬೆಂಕಿಯನ್ನೇ ನೋಡಿಕೊಂಡು, ಕಡ್ಡಿ ಪರವಾಗಿಲ್ಲ ಎಂದಳು. ಅಳಿಯನಿಗೆ ಅವಳಿಂದ ಸಿಕ್ಕ ಹೊಗಳಿಕೆ ಅದೊಂದೇ. ಮಾಂಸ ಮುಗಿಯುವ ಮೊದಲೇ ಅಥುಮಾನಿ ಅದೇ ಅಂಬನ್ನು ಮರದಡಿ ಕೂತು ಸೋತ.

ಸುದ್ದಿ ತಂದವಳು ನಾನೇ. ಮರೋಬಾ ಕೈಲಿದ್ದ ಕಡ್ಡಿಯನ್ನು ಕೆಳಗಿಟ್ಟ. ಆಮೇಲೆ ಚಾಕು ತೆಗೆದುಕೊಂಡು ಮರದಡಿಗೆ ಹೋಗಿ, ಆಟದ ನಡುವಿನಿಂದ ಭಾವಮೈದುನನನ್ನು ರಟ್ಟೆ ಹಿಡಿದು ಎಬ್ಬಿಸಿದ. ಕಡ್ಡಿ ಕಡಿಯಲು ನಡಿ ಎಂದ. ಈ ಬಿಸಿಲಲ್ಲಿ ಬೇಡ, ನಾಳೆ ಹೋಗೋಣ ಎಂದು ಅವನು ಬೇಡಿಕೊಂಡ. ಇಬ್ಬರೂ ಜಗಳವಾಡುತ್ತ ಇಳಿಜಾರಿನಲ್ಲಿ ಇಳಿದರು. ಅವರು ಕಣ್ಮರೆಯಾದ ಮೇಲೂ, ಗಂಟು ಯಾವುದು ಚಿಗುರು ಯಾವುದು ಎಂದು ಮರೋಬಾ ಬೈಯುತ್ತಿದ್ದದ್ದು ಪೊದೆಗಳ ಕಡೆಯಿಂದ ಕೇಳಿಸುತ್ತಲೇ ಇತ್ತು.