ಸೊಂಟದ ಮೂಳೆವರೆಗೂ

ನಮ್ಮಕ್ಕ ಬರುವುದು ಬೀದಿಯ ತಿರುವಿನಲ್ಲೇ ಗೊತ್ತಾಗುತ್ತದೆ. ಬಲಗಾಲಿನ ಚಪ್ಪಲಿ ನೆಲಕ್ಕೆ ಪಟ್ಟನೆ ಬಡಿಯುತ್ತದೆ. ಪಾದವನ್ನು ಮೇಲೆತ್ತುವ ಶಕ್ತಿ ಆ ಕಾಲಿಗಿಲ್ಲ. ಚಿಕ್ಕವಳಿದ್ದಾಗ ಜ್ವರ ಬಂತೆಂದು ಪಿರ್ರೆಗೆ ಹಾಕಿಸಿದ ಇಂಜೆಕ್ಷನ್ ನರಕ್ಕೆ ತಗುಲಿತ್ತು. ಬೀದಿಯ ಮಕ್ಕಳು ‘ಪಟಪಟಿ’ ಎಂದು ಹೆಸರಿಟ್ಟರು. ಹಾಗೆ ಕರೆದವರ ಮನೆಯ ಮುಂದೆಯೇ ಬೇಕೆಂದು ಅಡ್ಡಾಡುತ್ತಿದ್ದಳು. ಯಾರಿಗೂ ಸೊಪ್ಪು ಹಾಕುವ ಜಾತಿಯಲ್ಲ ಅವಳದು.

ಬೆಳೆದು ನರ್ಸ್ ಆದಳು, ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಟೀಚರ್. ಇಂಜೆಕ್ಷನ್ ಪಾಠ ಅವಳದೇ. ಹುಡುಗಿಯರು ‘ಹಿಂಭಾಗ’ ಎಂದು ಮುಸಿಮುಸಿ ನಕ್ಕರೆ ಮೂಗಿನ ತುದಿಗೆ ಸಿಟ್ಟು. ಪಿರ್ರೆ ಅನ್ನಿ, ಹೆಸರು ಹೇಳಲು ನಾಚುವವರು ಸೂಜಿಯನ್ನು ಎಲ್ಲಿಗೆ ಚುಚ್ಚುತ್ತೀರಿ ಎಂದು ಬೈಯುತ್ತಿದ್ದಳು.

ಎಡವಟ್ಟು ಆಗುವುದೇ ಆ ನಾಚಿಕೆಯಿಂದ. ಹೆಂಗಸರು ಲಂಗವನ್ನು ಕೆಳಗಿನಿಂದ ಒಂದಿಷ್ಟೇ ಎತ್ತಿ, ಸೊಂಟ ಕಾಣದ ಹಾಗೆ ಬಿಗಿಯಾಗಿ ಹಿಡಿಯುತ್ತಾರೆ. ಕಾಣುವುದು ಉಬ್ಬಿದ ಭಾಗ ಮಾತ್ರ. ಅದನ್ನೇ ಇಡೀ ಪಿರ್ರೆ ಅಂದುಕೊಂಡರೆ ಸೂಜಿ ತೀರ ಕೆಳಗೆ ಇಳಿಯುತ್ತದೆ. ಅಲ್ಲಿ, ನಮ್ಮನ್ನು ಕೂತಲ್ಲಿಂದ ಎಬ್ಬಿಸುವ ದೊಡ್ಡ ಸ್ನಾಯುವಿನ ಅಡಿಯಲ್ಲಿ, ದೇಹದ ಅತಿ ದಪ್ಪ ನರ ಕಾಲಿನ ಕಡೆಗೆ ಹೊರಟಿರುತ್ತದೆ. ಸೊಂಟದ ಮೂಳೆಯ ಅಂಚನ್ನು ಕೈಯಿಂದ ಮುಟ್ಟಿ ನೋಡಿ, ಅಲ್ಲಿಂದ ಅಳೆದು, ಮೇಲ್ಗಡೆಯ ಹೊರಮಗ್ಗುಲಿಗೆ ಚುಚ್ಚಬೇಕು. ಅಲ್ಲಿರುವುದು ಒಂಟಿ ಕಾಲಲ್ಲಿ ನಿಂತಾಗ ಸೊಂಟ ವಾಲದಂತೆ ಹಿಡಿಯುವ ಸ್ನಾಯು. ದಪ್ಪ ನರ ಅಲ್ಲಿಗೆ ಸುಳಿಯುವುದಿಲ್ಲ.

ಇದು ಚಿತ್ರ ನೋಡಿ ಬರುವ ವಿದ್ಯೆಯಲ್ಲ ಎಂದು ಅಕ್ಕ ತಾನೇ ಕ್ಲಾಸಿನ ಮೇಜಿನ ಮೇಲೆ ಬೋರಲು ಮಲಗಿ, ಹುಡುಗಿಯರಿಂದ ಮೂಳೆ ಹುಡುಕಿಸುತ್ತಿದ್ದಳು. ಒಂದು ದಿನ ಪ್ರಿನ್ಸಿಪಾಲರು ಒಳಗೆ ಬಂದವರು ಅದನ್ನು ಕಂಡು ಕೆಂಡವಾದರು. ಟೀಚರ್ ಆದವಳು ಹೀಗೆ ಮಲಗುವುದಾದರೆ ಶಾಲೆಯ ಮರ್ಯಾದೆ ಏನಾಗಬೇಕು? ಮಾನವಂತ ಹೆಂಗಸು ಯಾರಾದರೂ ತಾನಾಗಿ ಒಪ್ಪಿ ಬಂದು ಮಲಗಿದರೆ ಸರಿ, ಇಲ್ಲದಿದ್ದರೆ ಸೋಮವಾರದಿಂದ ಬರೀ ಚಿತ್ರ ತೋರಿಸಬೇಕು ಎಂದರು. ಹಾಗಾದರೆ ನಾನು ಆ ಪಾಠವನ್ನೇ ಮಾಡುವುದಿಲ್ಲ, ಕುಂಟುವ ಮಕ್ಕಳನ್ನು ತಯಾರು ಮಾಡುವ ಕೆಲಸ ನನಗೆ ಬೇಡ ಎಂದು ಅಕ್ಕ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಳು.

ಮನೆಯಲ್ಲಿ ನಾನು ಪ್ರಿನ್ಸಿಪಾಲರ ಜನ್ಮ ಜಾಲಾಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡು ಎದ್ದು ಒಳಗೆ ಹೋದಳು. ಪಿರ್ರೆ ಎಂಬ ಮಾತು ಕಿವಿಗೆ ಬಿದ್ದರೇ ಎದ್ದು ಹೋಗುವ ಹೆಂಗಸು ಅವಳು. ಅವಳ ಪಾಲಿಗೆ ಅದು ‘ಅಲ್ಲಿ’, ಅಷ್ಟೇ. ಅಕ್ಕನಿಗೆ ಆ ಸೂಜಿ ಹಾಕಿಸಿದ ದಿನದ ಬಗ್ಗೆಯೂ ಅವರಿಬ್ಬರ ನಡುವೆ ಎಂದೂ ಮಾತಿಲ್ಲ.

ಸೋಮವಾರ ಬೆಳಗ್ಗೆ ಅಕ್ಕ ಹೊರಟ ಮೇಲೆ ಅಮ್ಮ ಒಗೆದ ಸೀರೆ ಉಟ್ಟು, ತನ್ನನ್ನು ಅಕ್ಕನ ಶಾಲೆಗೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದಳು. ಜಗಳಕ್ಕೆ ಹೊರಟಿದ್ದಾಳೆ ಅಂದುಕೊಂಡು ನನಗೆ ಖುಷಿಯೇ ಆಯಿತು.

ಕ್ಲಾಸಿನಲ್ಲಿ ಅಕ್ಕ ಕೈಕಟ್ಟಿ ನಿಂತಿದ್ದಳು. ಗೋಡೆಗೆ ಚಿತ್ರ ನೇತುಹಾಕುತ್ತಿದ್ದವರು ಪ್ರಿನ್ಸಿಪಾಲರೇ. ಅಮ್ಮ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದು ಮೇಜು ಹತ್ತಿ ಬೋರಲು ಮಲಗಿದಳು. ನಾನು ಬೆಪ್ಪಾಗಿ ನಿಂತೆ. ಪ್ರಿನ್ಸಿಪಾಲರು ಯಾರಮ್ಮ ನೀವು ಎಂದರು. ಅಮ್ಮ ತಲೆ ಎತ್ತದೆ, ನೀವು ಕೇಳಿದ ಮಾನವಂತ ಹೆಂಗಸು, ಇವಳ ತಾಯಿ ಎಂದಳು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಹೆದರುತ್ತಲೇ ಬಂದು ಸೀರೆ, ಲಂಗವನ್ನು ಕೆಳಗಿನಿಂದ ಒಂದಿಷ್ಟೇ ಎತ್ತಿದಳು.

"ಅಷ್ಟು ಸಾಲದು ಕಣಮ್ಮ," ಎಂದಳು ಅಮ್ಮ. "ಸೊಂಟದ ಮೂಳೆವರೆಗೂ ಸರಿಸು. ಪಿರ್ರೆ ಅಲ್ಲಿಂದ ಶುರುವಾಗುತ್ತೆ. ಅವತ್ತು ನನ್ನ ಮಗೂಗೆ ಸೂಜಿ ಹಾಕ್ದಾಗ, ಬಟ್ಟೆ ಬಿಗಿಯಾಗಿ ಹಿಡ್ಕೊಂಡಿದ್ದೋಳು ನಾನೇ."

ಯಾರೂ ನಗಲಿಲ್ಲ. ಪಟ್, ಪಟ್ ಎಂದು ಅಕ್ಕ ಮೇಜಿನ ಬಳಿ ಬಂದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಎಂದಿನದೇ. ಹುಡುಗಿಯ ಕೈ ಹಿಡಿದು ಅಮ್ಮನ ಸೊಂಟದ ಮೂಳೆಯ ಮೇಲಿಟ್ಟು ಎಲ್ಲರಿಗೂ ಹತ್ತಿರ ಬರಲು ಹೇಳಿದಳು.